ಸುರಂಗದ ಫೋಟೋ ಎಲ್ಲಿ ಹೋಯಿತು?



ಒಂದು ಸೋಮವಾರ ಬೆಳಿಗ್ಗೆ ಎಂಟನೇ ತರಗತಿಯ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಮುಖ ಸಪ್ಪೆ.

"ಟೀಚರ್, ನಮ್ಮ ಸುರಂಗ ನೆಟ್ಟಲ್ಲಿ ಇಲ್ಲ."

"ಇಲ್ಲ ಅಂದ್ರೆ ಎಂಥದು?"

"ದುಬೈಯಿಂದ ಮಾವ ಫೋನ್ ಮಾಡಿದ್ರು. ರೂಮಿನವರಿಗೆ ತೋರಿಸ್ಲಿಕ್ಕೆ ಅಂತ ಹುಡುಕಿದ್ರಂತೆ. ಮೊದಲು ಫಸ್ಟಿಗೇ ಬರ್ತಿತ್ತು. ಈಗ ಎಲ್ಲ ರೈಲಿನ ಸುರಂಗವೇ ಬರೋದು."

ಸೊಲ್ಲಾಪುರ, ಹೊಸೂರು, ಆದೋನಿ ಕಡೆಯ ಗೆಳೆಯರಿಗೆ ಮೊದಲು ಒಂದು ವಿಷಯ ಹೇಳಬೇಕು. ಕಾಸರಗೋಡಿನಲ್ಲಿ ಸುರಂಗ ಎಂದರೆ ನೀರಿನ ದಾರಿ. ಗುಡ್ಡದ ಮುರಕಲ್ಲನ್ನು ಪಿಕ್ಕಾಸಿನಿಂದ ಅಡ್ಡಕ್ಕೆ ಕೊರೆಯುತ್ತಾ, ಮನುಷ್ಯ ಬಗ್ಗಿ ನಡೆಯುವಷ್ಟು ಅಗಲ ಎತ್ತರದಲ್ಲಿ ಒಳಗೆ ಹೋಗುತ್ತಾರೆ. ಕಲ್ಲಿನ ಸಂದುಗಳಿಂದ ಒಸರುವ ನೀರು ಇಳಿಜಾರಿನಲ್ಲಿ ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಆ ಹುಡುಗನ ಮನೆಯ ಸುರಂಗವನ್ನು ಕೊರೆದದ್ದು ಅವನ ಅಜ್ಜ. ನಮ್ಮ ಮಕ್ಕಳು ಅದರ ಫೋಟೋ ತೆಗೆದು, ಕನ್ನಡದಲ್ಲಿ ವಿವರ ಬರೆದು ಶಾಲೆಯ ವೆಬ್‌ಸೈಟಿಗೆ ಹಾಕಿದ್ದರು. ಮರುವರ್ಷದ ಮಳೆಗೆ ಸುರಂಗದ ಬಾಯಿ ಕುಸಿಯಿತು. ಈಗ ಉಳಿದಿರುವುದು ಆ ಫೋಟೋ ಮಾತ್ರ.

ಫೋಟೋವನ್ನು ಯಾರೂ ಅಳಿಸಿರಲಿಲ್ಲ. ನಮ್ಮ ವೆಬ್‌ಸೈಟು ತೆರೆದರೆ ಅದು ಅಲ್ಲೇ ಇತ್ತು. ಆದರೂ ಹುಡುಕಿದವರಿಗೆ ಸಿಗುತ್ತಿರಲಿಲ್ಲ. ಹೇಗೆ? ತಪ್ಪು ನಮ್ಮದೇ ಎಂದು ಗೊತ್ತಾಗಲು ನಮಗೆ ಒಂದು ವಾರ ಬೇಕಾಯಿತು.

ಒಂದು ಫೋಟೋ ಎಷ್ಟು ಭಾರ?

ಎರಡು ತಿಂಗಳ ಹಿಂದೆ ನಾವೊಂದು "ಸುಧಾರಣೆ" ಮಾಡಿದ್ದೆವು. ವೆಬ್‌ಸೈಟು ತೆರೆಯಲು ತುಂಬಾ ಹೊತ್ತು ಹಿಡಿಯುತ್ತಿತ್ತು. ಗುಡ್ಡದ ಬದಿಯ ಮನೆಗಳಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ! ಫೋಟೋಗಳು ಭಾರ ಆಗಿವೆ, ಹಗುರ ಮಾಡೋಣ ಎಂದುಕೊಂಡೆವು.

ಭಾರ ಎಂದರೆ ಎಷ್ಟು? ಒಂದು ಲೆಕ್ಕ ಮಾಡಿ. ಮೊಬೈಲಿನ ಒಂದು ಫೋಟೋ ಅಗಲಕ್ಕೆ 4000, ಎತ್ತರಕ್ಕೆ 3000 ಚುಕ್ಕೆಗಳಿಂದ ಆಗಿದೆ ಎನ್ನೋಣ. ಗುಣಿಸಿದರೆ 1 ಕೋಟಿ 20 ಲಕ್ಷ ಚುಕ್ಕೆ. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಬರೆಯಲು 3 ಬೈಟ್ ಬೇಕು. ಒಟ್ಟು 3 ಕೋಟಿ 60 ಲಕ್ಷ ಬೈಟ್, ಅಂದರೆ ಸುಮಾರು 36 ಎಂಬಿ. ಆದರೆ ನಿಮ್ಮ ಮೊಬೈಲಿನಲ್ಲಿ ಅಂಥ ಫೋಟೋ 3 ಅಥವಾ 4 ಎಂಬಿ ಎಂದು ತೋರಿಸುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಅದು ಜೆಪೆಗ್ ಎಂಬ ನಮೂನೆಯ ಚಮತ್ಕಾರ. ಫೈಲಿನ ಹೆಸರಿನ ಕೊನೆಯಲ್ಲಿ 'ಜೆಪಿಜಿ' ಎಂದು ಕಾಣುತ್ತದಲ್ಲ, ಅದೇ. 1992ರಲ್ಲಿ ಇದು ಅಂತರರಾಷ್ಟ್ರೀಯ ಮಾನದಂಡವಾಯಿತು. ಜೆಪೆಗ್ ಚಿತ್ರವನ್ನು 8 ಸಾಲು, 8 ಕಂಬದ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದ 64 ಚುಕ್ಕೆಗಳನ್ನು ಬೇರೆ 64 ಸಂಖ್ಯೆಗಳಾಗಿ ಬದಲಿಸುತ್ತದೆ. ಅದರಲ್ಲಿ ಮೊದಲ ಸಂಖ್ಯೆ ಆ ಚೌಕದ ಸರಾಸರಿ ಹೊಳಪನ್ನು ಹೇಳುತ್ತದೆ. ಮುಂದಿನವು ಚೌಕದೊಳಗೆ ಬಣ್ಣ ಎಷ್ಟು ನಿಧಾನವಾಗಿ, ಎಷ್ಟು ಬೇಗ ಏರಿಳಿಯುತ್ತದೆ ಎಂದು ಹೇಳುತ್ತವೆ. ತುಂಬಾ ಸೂಕ್ಷ್ಮವಾದ ಏರಿಳಿತ ನಮ್ಮ ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಅಂಥ ಸಂಖ್ಯೆಗಳನ್ನು ಒರಟಾಗಿ ಬರೆದರೂ, ಸೊನ್ನೆ ಮಾಡಿದರೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಫೈಲು ಮಾತ್ರ ಹಗುರ.

ಈ 64 ಸಂಖ್ಯೆಗಳ ಲೆಕ್ಕಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚುಟುಕಾಗಿ ಡಿಸಿಟಿ, ಎಂದು ಹೆಸರು. ಇದನ್ನು ಯೋಚಿಸಿದವರು ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿ, ಅಲ್ಲಿಯೇ ಎಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್. 1972ರಲ್ಲಿ ಅವರು ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಈ ಸಂಶೋಧನೆಗೆ ಹಣ ಕೊಡಿ ಎಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಕೇಳಿದರು. ಸಿಗಲಿಲ್ಲ. ಯೋಚನೆ ತೀರಾ ಸರಳವಾಯಿತು ಎಂಬ ಅಭಿಪ್ರಾಯ ಬಂದಿತ್ತಂತೆ! ಅಹ್ಮದ್ ಬಿಡಲಿಲ್ಲ. ಟಿ. ನಟರಾಜನ್, ಕೆ. ಆರ್. ರಾವ್ ಅವರ ಜೊತೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಇವತ್ತು ನೀವು ಕಳಿಸುವ ಪ್ರತಿಯೊಂದು ಜೆಪೆಗ್ ಫೋಟೋದ ಒಳಗೂ ಆ "ಸರಳ" ಲೆಕ್ಕ ಇದೆ.

ಜೆಪೆಗ್‌ಗಿಂತಲೂ ಹಗುರ ಮಾಡಬಹುದೇ? 2010ರಲ್ಲಿ ಗೂಗಲ್ ಸಂಸ್ಥೆ ವೆಬ್‌ಪಿ ಎಂಬ ಹೊಸ ನಮೂನೆಯನ್ನು ಹೊರತಂದಿತು. ಇದು ವಿಡಿಯೋ ಕುಗ್ಗಿಸುವ ತಂತ್ರದಿಂದ ಬಂದದ್ದು. ಒಂದು ಚೌಕದ ಪಕ್ಕದ ಚೌಕಗಳನ್ನು ನೋಡಿ "ಇಲ್ಲಿ ಹೀಗೇ ಇರಬೇಕು" ಎಂದು ಊಹೆ ಮಾಡುತ್ತದೆ. ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುತ್ತದೆ. ಆಕಾಶದ ಒಂದು ಚೌಕದ ಪಕ್ಕ ಸಾಮಾನ್ಯವಾಗಿ ಆಕಾಶವೇ ಇರುತ್ತದೆ, ಅಲ್ವಾ? ಅದೇ ಗುಣಮಟ್ಟದ ಜೆಪೆಗ್‌ಗೆ ಹೋಲಿಸಿದರೆ ವೆಬ್‌ಪಿ ಫೈಲು 25ರಿಂದ 34 ಶೇಕಡಾ ಚಿಕ್ಕದು ಎಂದು ಗೂಗಲ್ ಹೇಳುತ್ತದೆ.

ನಾವು ಇದನ್ನು ಓದಿದೆವು. ಒಂದು ಶನಿವಾರ ಕಂಪ್ಯೂಟರ್ ಲ್ಯಾಬಿನಲ್ಲಿ ಕುಳಿತು ಸುರಂಗದ ಫೋಟೋಗಳನ್ನೆಲ್ಲ ವೆಬ್‌ಪಿ ಮಾಡಿದೆವು. ಹೊಸದನ್ನು ಹಾಕಿ, ಹಳೆಯ ಜೆಪೆಗ್ ಫೈಲುಗಳನ್ನು ವೆಬ್‌ಸೈಟಿನಿಂದ ಅಳಿಸಿದೆವು. ಪುಟ ಚಕ್ಕನೆ ತೆರೆಯಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅಳಿಸಿದ್ದೇ ಮುಂದೆ ತೊಂದರೆಯಾಗುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ.

ಸರ್ಚ್ ಎಂಜಿನ್ ಚಿತ್ರವನ್ನು ಹೇಗೆ ಹುಡುಕುತ್ತದೆ?

ನೀವು "ಸುರಂಗ" ಎಂದು ಬರೆದು ಒತ್ತಿದ ಕೂಡಲೇ ಸರ್ಚ್ ಎಂಜಿನ್ ಲೋಕದ ವೆಬ್‌ಸೈಟುಗಳನ್ನೆಲ್ಲ ಸುತ್ತಿ ಬರುತ್ತದೆ ಅಂತ ಅಂದುಕೊಂಡಿದ್ದೀರಾ? ಹಾಗಲ್ಲ. ಅದು ಮೊದಲೇ ಸುತ್ತಿ ಬಂದಿರುತ್ತದೆ. ಕ್ರಾಲರ್ ಎಂಬ ಪ್ರೋಗ್ರಾಮು ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕು ಹಿಡಿದು ಹೋಗುತ್ತಾ ಕಂಡದ್ದನ್ನು ದೊಡ್ಡ ರಿಜಿಸ್ಟರಿನಲ್ಲಿ ಬರೆದಿಡುತ್ತದೆ. ನಾವು ಹುಡುಕುವುದು ಆ ರಿಜಿಸ್ಟರಿನಲ್ಲಿ.

ಶಾಲೆಯ ಗ್ರಂಥಾಲಯದ ರಿಜಿಸ್ಟರ್ ನೆನಪಿಸಿಕೊಳ್ಳಿ. ಪ್ರತಿ ಪುಸ್ತಕಕ್ಕೂ ಒಂದು ನಂಬರು. ಸರ್ಚ್ ಎಂಜಿನ್ನಿಗೆ ಚಿತ್ರದ ನಂಬರು ಅಂದರೆ ಅದರ ವಿಳಾಸ. ವೆಬ್‌ಸೈಟಿನ ಹೆಸರು, ಫೋಲ್ಡರು, ಕೊನೆಗೆ ಫೈಲಿನ ಹೆಸರು, ಇವೆಲ್ಲ ಸೇರಿದ ಉದ್ದ ಸಾಲು ಅದು. ಆ ವಿಳಾಸದ ಎದುರಿಗೆ ಚಿತ್ರದ ಬಗ್ಗೆ ಗೊತ್ತಾದದ್ದೆಲ್ಲ ಸೇರುತ್ತಾ ಹೋಗುತ್ತದೆ: ಯಾವ ಪುಟದಲ್ಲಿದೆ, ಸುತ್ತ ಯಾವ ಬರಹ ಇದೆ, ಫೈಲಿನ ಹೆಸರೇನು, ಬೇರೆ ಯಾರು ಇದಕ್ಕೆ ಲಿಂಕು ಕೊಟ್ಟಿದ್ದಾರೆ.

ಇನ್ನೂ ಒಂದಿದೆ. ಪುಟದಲ್ಲಿ ಚಿತ್ರವನ್ನು ಸೇರಿಸುವಾಗ ಅದರ ಜೊತೆ ಒಂದು ಚಿಕ್ಕ ವಿವರಣೆ ಬರೆಯಬಹುದು. ಇದಕ್ಕೆ ಆಲ್ಟ್ ಬರಹ ಎನ್ನುತ್ತಾರೆ. ಪುಟ ನೋಡುವವರಿಗೆ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಇದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಸರ್ಚ್ ಎಂಜಿನ್ನಿಗೂ ಚಿತ್ರ ಏನೆಂದು ತಿಳಿಯಲು ಇದು ದೊಡ್ಡ ಸಹಾಯ. ನಮ್ಮ ಮಕ್ಕಳು "ಮುರಕಲ್ಲಿನಲ್ಲಿ ಕೊರೆದ ನೀರಿನ ಸುರಂಗದ ಬಾಯಿ, ಕಾಸರಗೋಡು" ಎಂದು ಕನ್ನಡದಲ್ಲೇ ಬರೆದಿದ್ದರು.

ಈಗ ಯೋಚಿಸಿ. ಗ್ರಂಥಾಲಯದ ಒಂದು ಪುಸ್ತಕಕ್ಕೆ ಹೊಸ ಬೈಂಡ್ ಹಾಕಿಸಿ, ಹೊಸ ನಂಬರು ಕೊಟ್ಟು, ಬೇರೆ ಕಪಾಟಿನಲ್ಲಿ ಇಟ್ಟಿರಿ. ರಿಜಿಸ್ಟರ್ ತಿದ್ದಲಿಲ್ಲ. ಪುಸ್ತಕ ಕೇಳಿ ಬಂದವರು ಹಳೆಯ ನಂಬರಿನ ಜಾಗ ನೋಡುತ್ತಾರೆ. ಖಾಲಿ! "ಪುಸ್ತಕ ಕಳೆದಿದೆ" ಎಂದು ಗೀಟು ಹೊಡೆಯುತ್ತಾರೆ. ಪುಸ್ತಕ ಮಾತ್ರ ಅದೇ ಕೋಣೆಯಲ್ಲಿ ಇದೆ.

ಪತ್ತೇದಾರಿ ಕೆಲಸ

ಹಾಗಂತ ಊಹೆ ಮಾಡಿದ ಕೂಡಲೇ ಅದೇ ಕಾರಣ ಅಂತ ಒಪ್ಪಬಾರದು. ಪರೀಕ್ಷೆ ಮಾಡಬೇಕು. ನಮ್ಮ ಲಿಟಲ್ ಕೈಟ್ಸ್ ಮಕ್ಕಳು ಬೋರ್ಡಿನ ಮೇಲೆ ನಾಲ್ಕು ಊಹೆ ಬರೆದರು.

ಒಂದು: ಇಡೀ ಪುಟವೇ ರಿಜಿಸ್ಟರಿನಿಂದ ಹೋಗಿರಬಹುದು. ಚಿತ್ರ ಬಿಟ್ಟು ಬರಹ ಹುಡುಕಿದೆವು. ಪುಟ ಮೊದಲಿನಂತೆಯೇ ಬಂತು. ಊಹೆ ಬಿತ್ತು.

ಎರಡು: ಸರ್ಚ್ ಎಂಜಿನ್ನಿಗೆ ವೆಬ್‌ಪಿ ಆಗುವುದಿಲ್ಲ. ಬೇರೆ ಚಿತ್ರಗಳನ್ನು ಹುಡುಕಿ, ಬಂದವುಗಳ ನಮೂನೆ ನೋಡಿದೆವು. ಅವುಗಳಲ್ಲಿ ವೆಬ್‌ಪಿ ಬೇಕಾದಷ್ಟು ಇದ್ದವು. ಈ ಊಹೆಯೂ ಬಿತ್ತು.

ಮೂರು: ವಿಳಾಸ ಬದಲಾಗಿದೆ. ಹುಡುಗನ ಮಾವ ಹಿಂದೆ ಕಳಿಸಿದ್ದ ಹಳೆಯ ಲಿಂಕು ವಾಟ್ಸಾಪಿನಲ್ಲಿ ಇತ್ತು. ಒತ್ತಿದೆವು. 404 ಎಂದು ಬಂತು. "ನೀವು ಕೇಳಿದ್ದು ಇಲ್ಲಿ ಇಲ್ಲ" ಎಂದು ಸರ್ವರ್ ಕೊಡುವ ಉತ್ತರ ಅದು. ಹೆಸರಿನ ಕೊನೆಯ 'ಜೆಪಿಜಿ' ಹೋಗಿ 'ವೆಬ್‌ಪಿ' ಆದದ್ದೇ ಸಾಕಿತ್ತು. ನಮಗೆ ಅದೇ ಫೋಟೋ, ಯಂತ್ರಕ್ಕೆ ಬೇರೆ ವಿಳಾಸ. ಹಳೆಯ ವಿಳಾಸದ ಎದುರು ಸೇರಿದ್ದ ಎಲ್ಲ ನೆನಪೂ ಹೋಯಿತು. ಹೊಸ ವಿಳಾಸ ನಿನ್ನೆ ಮೊನ್ನೆ ಹುಟ್ಟಿದ ಮಗುವಿನ ಹಾಗೆ.

ನಾಲ್ಕು: ವಿವರಣೆ ಕಳೆದಿದೆ. ಇದನ್ನು ಹೇಳಿದವಳು ಒಂಬತ್ತನೇ ತರಗತಿಯ ಹುಡುಗಿ. ಪುಟದ ಒಳಗಿನ ಕೋಡ್ ತೆರೆದು ನೋಡಿದರೆ ಅವಳು ಹೇಳಿದ್ದು ನಿಜ! ಹೊಸ ಫೋಟೋ ಸೇರಿಸುವಾಗ ಆಲ್ಟ್ ಬರಹವನ್ನು ಮತ್ತೆ ಬರೆಯಲು ನಾವು ಮರೆತಿದ್ದೆವು. ನಮೂನೆ ಬದಲಿಸಿದ ಸಾಫ್ಟ್‌ವೇರು ಫೈಲುಗಳ ಹೆಸರನ್ನೂ ಬರೀ ಅಂಕಿ ಮಾಡಿಬಿಟ್ಟಿತ್ತು. 'ಸುರಂಗ' ಎಂಬ ಪದವೇ ಅಲ್ಲಿ ಇರಲಿಲ್ಲ.

ಅದೃಷ್ಟಕ್ಕೆ ನಮಗೊಂದು ಹೋಲಿಕೆಯೂ ಸಿಕ್ಕಿತು. ಮಳೆಗಾಲದಲ್ಲಿ ಪಾರೆಯ ಮೇಲೆ ಅರಳುವ ಹೂಗಳ ಫೋಟೋಗಳನ್ನು ಆ ಶನಿವಾರ ಸಮಯ ಸಾಲದೆ ಹಾಗೇ ಬಿಟ್ಟಿದ್ದೆವು. ಅವು ಹಳೆಯ ಹೆಸರಿನಲ್ಲೇ, ಜೆಪೆಗ್ ಆಗಿಯೇ ಇದ್ದವು. ಹುಡುಕಿದರೆ ಮೊದಲಿನ ಜಾಗದಲ್ಲೇ ಸಿಕ್ಕವು. ಅದೇ ವೆಬ್‌ಸೈಟು, ಅದೇ ಸರ್ಚ್ ಎಂಜಿನ್ನು. ಮುಟ್ಟದ್ದು ಉಳಿಯಿತು, ಮುಟ್ಟಿದ್ದು ಹೋಯಿತು. ಪ್ರಯೋಗದಲ್ಲಿ ಒಂದು ಗಿಡಕ್ಕೆ ಗೊಬ್ಬರ ಹಾಕಿ ಇನ್ನೊಂದನ್ನು ಹಾಗೇ ಬಿಡುತ್ತೀರಲ್ಲ, ಅಂಥದೇ ಹೋಲಿಕೆ ಇದು.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ವಿಳಾಸ ಬದಲಾದದ್ದರ ಪಾಲೆಷ್ಟು, ವಿವರಣೆ ಕಳೆದದ್ದರ ಪಾಲೆಷ್ಟು? ಅದನ್ನು ನಾವು ಹೇಳಲಾರೆವು. ಎರಡನ್ನೂ ಒಂದೇ ದಿನ ಕೆಡಿಸಿದ್ದೆವಲ್ಲ! ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ನಾನು ಎಷ್ಟು ಸಲ ಪಾಠ ಮಾಡಿದ್ದೆನೋ! ಆ ಶನಿವಾರ ನನಗೇ ಅದು ನೆನಪಾಗಲಿಲ್ಲ.

ಸರಿಪಡಿಸಿದ್ದು ಹೇಗೆ?

ಮನೆ ಬದಲಿಸಿದವರು ಏನು ಮಾಡುತ್ತಾರೆ? ಹಳೆಯ ವಿಳಾಸಕ್ಕೆ ಬರುವ ಕಾಗದಗಳನ್ನು ಹೊಸ ಮನೆಗೆ ಕಳಿಸಿ ಎಂದು ಪೋಸ್ಟ್ ಆಫೀಸಿನಲ್ಲಿ ಬರೆದುಕೊಡುತ್ತಾರೆ. ವೆಬ್‌ನಲ್ಲೂ ಅಂಥ ವ್ಯವಸ್ಥೆ ಇದೆ. ಅದರ ಸಂಖ್ಯೆ 301. "ಇದು ಶಾಶ್ವತವಾಗಿ ಅಲ್ಲಿಗೆ ಹೋಗಿದೆ" ಎಂದು ಇದರ ಅರ್ಥ. ಯಾರಾದರೂ ಹಳೆಯ ವಿಳಾಸ ಕೇಳಿದರೆ ಸರ್ವರ್ ಅವರನ್ನು ಹೊಸದಕ್ಕೆ ಕಳಿಸುತ್ತದೆ. ಕ್ರಾಲರ್ ಬಂದರೂ ಹಾಗೆಯೇ. ಆಗ ಎರಡೂ ಒಂದೇ ಎಂದು ಅದಕ್ಕೆ ತಿಳಿಯುತ್ತದೆ. ಈ ವ್ಯವಸ್ಥೆಯನ್ನು ಕನಿಷ್ಠ 1 ವರ್ಷ ಇಟ್ಟುಕೊಳ್ಳಿ ಎಂದು ಗೂಗಲ್ ಸಲಹೆ ಕೊಡುತ್ತದೆ. ನಮ್ಮನ್ನು ಕೇಳಿದರೆ ತೆಗೆಯುವುದೇ ಬೇಡ.

ನಾವು ಮಾಡಿದ್ದು ಇಷ್ಟು. ಫೈಲುಗಳಿಗೆ ಮತ್ತೆ ಅರ್ಥವಿರುವ ಹೆಸರು ಇಟ್ಟೆವು. ಪ್ರತಿಯೊಂದು ಹಳೆಯ ವಿಳಾಸದಿಂದ ಹೊಸದಕ್ಕೆ 301 ಹಾಕಿದೆವು. ಆಲ್ಟ್ ಬರಹವನ್ನು ಕನ್ನಡದಲ್ಲಿ ಪುನಃ ಬರೆದೆವು. ವೆಬ್‌ಸೈಟಿನಲ್ಲಿರುವ ಚಿತ್ರಗಳ ವಿಳಾಸಗಳನ್ನೆಲ್ಲ ಒಂದು ಸೈಟ್‌ಮ್ಯಾಪ್ ಫೈಲಿನಲ್ಲಿ ಪಟ್ಟಿ ಮಾಡಿ ಸರ್ಚ್ ಎಂಜಿನ್ನಿಗೆ ಕೊಟ್ಟೆವು.

ಆಮೇಲೆ ಕಾಯಬೇಕು. ಕ್ರಾಲರ್ ಪುಟಗಳನ್ನು ಮತ್ತೆ ಮತ್ತೆ ನೋಡಿದ ಹಾಗೆ ಚಿತ್ರಗಳನ್ನು ನೋಡುವುದಿಲ್ಲ. ಫೋಟೋ ದಿನಾ ಬದಲಾಗುವ ವಸ್ತು ಅಲ್ಲವಲ್ಲ. ಅದಕ್ಕೇ ಚಿತ್ರಗಳ ವಿಳಾಸ ಬದಲಾದರೆ ಚೇತರಿಕೆ ನಿಧಾನ. ಆ ಹುಡುಗ ದಿನಾ ಇಂಟರ್‌ವಲ್ ಹೊತ್ತಿಗೆ ಬಂದು "ಬಂತಾ ಟೀಚರ್?" ಎಂದು ಕೇಳುತ್ತಿದ್ದ. ಐದನೇ ವಾರ ಒಂದು ಫೋಟೋ ಕಾಣಿಸಿಕೊಂಡಿತು. ಮತ್ತೆ ಒಂದೊಂದಾಗಿ ಬಂದವು. ಅಜ್ಜನ ಸುರಂಗವೂ ಬಂತು. ಆದರೆ ಮೊದಲ ಸಾಲಿನಲ್ಲಿ ಅಲ್ಲ, ತುಂಬಾ ಕೆಳಗೆ. ಎರಡು ಫೋಟೋಗಳು ಇನ್ನೂ ಬಂದಿಲ್ಲ.

ಮೊದಲೇ ಗೊತ್ತಿದ್ದರೆ ಈ ಕಷ್ಟವೇ ಬೇಡವಾಗಿತ್ತು. ಪಿಕ್ಚರ್ ಎಂಬ ಟ್ಯಾಗ್ ಬಳಸಿದರೆ ಒಂದೇ ಚಿತ್ರಕ್ಕೆ ಎರಡು ಫೈಲು ಕೊಡಬಹುದು. ವೆಬ್‌ಪಿ ಗೊತ್ತಿರುವ ಬ್ರೌಸರು ಹಗುರವಾದದ್ದನ್ನು ತೆಗೆದುಕೊಳ್ಳುತ್ತದೆ. ಗೊತ್ತಿಲ್ಲದ ಹಳೆಯ ಬ್ರೌಸರಿಗೆ ಜೆಪೆಗ್ ಸಿಗುತ್ತದೆ. ಹಳೆಯ ಜೆಪೆಗ್ ತನ್ನ ಹಳೆಯ ವಿಳಾಸದಲ್ಲೇ ಇರುವುದರಿಂದ ರಿಜಿಸ್ಟರಿನ ನಂಬರು ಕೆಡುವುದಿಲ್ಲ. ಪುಟವೂ ಹಗುರ, ವಿಳಾಸವೂ ಭದ್ರ.

ಇನ್ನೊಂದು ಎಚ್ಚರಿಕೆ. ಜೆಪೆಗ್‌ನಿಂದ ವೆಬ್‌ಪಿ ಮಾಡುವಾಗ ಸಾಮಾನ್ಯವಾಗಿ ಇನ್ನಷ್ಟು ಸೂಕ್ಷ್ಮ ವಿವರ ಹೋಗುತ್ತದೆ. ಹೋದದ್ದು ತಿರುಗಿ ಬಾರದು. ವೆಬ್‌ಪಿಯನ್ನು ಮತ್ತೆ ಜೆಪೆಗ್ ಮಾಡಿದರೆ ಹಳೆಯ ಫೋಟೋ ಸಿಕ್ಕಿದಂತಲ್ಲ. ಅಜ್ಜನ ಸುರಂಗದ ಮೂಲ ಫೋಟೋ ನನ್ನ ಹಳೆಯ ಮೊಬೈಲಿನಲ್ಲಿ ಉಳಿದಿತ್ತು. ಅದನ್ನು ಎರಡು ಪೆನ್ ಡ್ರೈವಿಗೆ ಹಾಕಿ ಇಟ್ಟಿದ್ದೇವೆ.

ನಮಗೆ ಇದು ಯಾಕೆ ಮುಖ್ಯ?

ದೊಡ್ಡ ಊರಿನ ದೊಡ್ಡ ಕೋಟೆಗೆ ಸಾವಿರಾರು ಫೋಟೋ ಇರುತ್ತವೆ. ಒಂದು ಹೋದರೆ ಇನ್ನೊಂದು ಸಿಗುತ್ತದೆ. ನಮ್ಮ ಕಡೆ ಹಾಗಲ್ಲ. ಗಡಿನಾಡಿನ ನಮ್ಮ ಊರುಗಳಲ್ಲಿ ಒಂದು ಕೆರೆಯದೋ ಒಂದು ಹೂವಿನದೋ ಕನ್ನಡ ವಿವರ ಇರುವ ಫೋಟೋ ಒಂದೇ ಒಂದು ಇರಬಹುದು. ಅದು ಪಟ್ಟಿಯಿಂದ ಜಾರಿದರೆ ಕನ್ನಡದಲ್ಲಿ ಹುಡುಕಿದವರಿಗೆ ಆ ವಸ್ತುವೇ ಇಲ್ಲ ಎಂದಾಗುತ್ತದೆ. ಹುಡುಗನ ಮಾವನಿಗೆ ಆದದ್ದು ಅದೇ. ಅವರ ರೂಮಿನವರು, "ನೀರಿನ ಸುರಂಗ ಅಂತ ಒಂದು ಉಂಟಾ ನಿಜವಾಗಿ?" ಎಂದು ನಕ್ಕರಂತೆ.

ಹಾಗಾಗಿ, ಗೆಳೆಯರೇ, ನಿಮ್ಮ ಶಾಲೆಯ ಫೋಟೋಗಳನ್ನು ಹಗುರ ಮಾಡುವುದು ಬೇಡ ಎನ್ನುತ್ತಿಲ್ಲ. ಖಂಡಿತ ಮಾಡಿ. ಆದರೆ ವಿಳಾಸವನ್ನು ಕಾಪಾಡಿ. ಕಾಪಾಡಲು ಆಗದಿದ್ದರೆ ಹೊಸ ಮನೆಯ ದಾರಿ ಬರೆದಿಟ್ಟು ಹೋಗಿ.

ನೀವೇ ಮಾಡಿ ನೋಡಿ

1. ಹೆಸರು ಬದಲಿಸಿದರೆ ನಮೂನೆ ಬದಲಾಗುತ್ತದೆಯೇ? ಒಂದು ಜೆಪೆಗ್ ಫೋಟೋದ ನಕಲು ಮಾಡಿಕೊಳ್ಳಿ. ನಕಲಿನ ಹೆಸರಿನ ಕೊನೆಯ 'ಜೆಪಿಜಿ' ಅಳಿಸಿ 'ವೆಬ್‌ಪಿ' ಎಂದು ಬರೆಯಿರಿ. ಫೈಲಿನ ಗಾತ್ರ ಕಡಿಮೆಯಾಯಿತೇ? ಇಲ್ಲ. ಹೆಸರು ಬರೀ ಅಂಗಿ. ಒಳಗಿನ ಬೈಟ್‌ಗಳು ಹಾಗೇ ಇವೆ.

2. ಇನ್ನೊಂದು ನಕಲನ್ನು ಜಿಂಪ್‌ನಲ್ಲಿ ತೆರೆದು ವೆಬ್‌ಪಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಎರಡರ ಗಾತ್ರ ಹೋಲಿಸಿ. ಎಷ್ಟು ಶೇಕಡಾ ಉಳಿಯಿತು? ಆಕಾಶದ ಫೋಟೋ, ಹುಲ್ಲಿನ ಫೋಟೋ ಎರಡಕ್ಕೂ ಮಾಡಿ ನೋಡಿ. ಯಾವುದರ ಫೈಲು ಹೆಚ್ಚು ಚಿಕ್ಕದಾಯಿತು? ಯಾಕೆ?

3. ನಿಜವಾದ ವೆಬ್‌ಪಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಏನೇನೋ ಗುರುತುಗಳು ಕಾಣುತ್ತವೆ, ಹೆದರಬೇಡಿ. ಮೊದಲ ಸಾಲಿನ ಆರಂಭದಲ್ಲಿ ಇಂಗ್ಲಿಷಿನ ಆರ್, ಐ, ಎಫ್, ಎಫ್ ಎಂಬ ನಾಲ್ಕು ಅಕ್ಷರಗಳು, ಸ್ವಲ್ಪ ಮುಂದೆ ವೆಬ್‌ಪಿ ಎಂಬ ಹೆಸರು ಇರುತ್ತದೆ. ಒಂದನೇ ಪ್ರಯೋಗದ ನಕಲಿನಲ್ಲಿ ಇದು ಇದೆಯೇ? ಉಳಿಸದೆ ಮುಚ್ಚಿಬಿಡಿ.

4. ನಿಮ್ಮ ಊರಿನ ಒಂದು ವಸ್ತುವಿನ ಹೆಸರನ್ನು ಕನ್ನಡದಲ್ಲಿ ಬರೆದು ಚಿತ್ರ ಹುಡುಕಿ. ನಿಮ್ಮ ಊರಿನದೇ ಬಂತೇ? ಬರಲಿಲ್ಲವೆಂದರೆ ಒಂದು ಒಳ್ಳೆಯ ಫೋಟೋ ತೆಗೆಯಿರಿ. ಹತ್ತು ಪದದಲ್ಲಿ ಅದರ ಆಲ್ಟ್ ಬರಹ ಬರೆಯಿರಿ. ಕಣ್ಣು ಮುಚ್ಚಿ ಕುಳಿತ ಗೆಳೆಯನಿಗೆ ಓದಿ ಹೇಳಿ. ಅವನಿಗೆ ಚಿತ್ರ ಕಂಡಿತೇ? ಕಂಡಿತು ಎಂದರೆ ನಿಮ್ಮ ಬರಹ ಸರಿಯಾಗಿದೆ.